ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರು ತಮ್ಮ ಬರಹವನ್ನೇ ಗಟ್ಟಿಯಾಗಿ ಓದಿಕೊಳ್ಳುವುದು ಯಾಕೆ?

ಸುಮ್ನೆ ಕಣ್ಣಲ್ಲಿ ಓದಿದರೆ ನಮ್ಮ ತಪ್ಪು ನಮಗೇ ಕಾಣುವುದಿಲ್ಲ, ಅದಕ್ಕೆ. ಬರೆದವರಿಗೆ ಮುಂದಿನ ಪದ ಏನು ಅಂತ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಕಣ್ಣು ಪುಟದಲ್ಲಿ ಇರುವುದನ್ನು ಪೂರ್ತಿ ನೋಡದೆ ಜಾರಿಬಿಡುತ್ತದೆ, ಬಿಟ್ಟುಹೋದ ಅಕ್ಷರವನ್ನು ತಲೆಯೇ ತುಂಬಿಕೊಳ್ಳುತ್ತದೆ. ಬಾಯಿಬಿಟ್ಟು ಓದುವಾಗ ಒಂದೊಂದು ಪದವನ್ನೂ ಹೇಳಲೇಬೇಕು, ವೇಗ ತಗ್ಗುತ್ತದೆ, ಜೊತೆಗೆ ಕಿವಿಯೂ ಕೇಳುತ್ತಿರುತ್ತದೆ. ಪ್ರಕಾಶಕರ ಮೂಲಕ ಬಂದರೆ ಕರಡು ತಿದ್ದಲು ಇನ್ನೊಬ್ಬರು ಇರುತ್ತಾರೆ (ಇರಬೇಕು, ಅಷ್ಟೇ!). ನಮಗೆ ಯಾರಿದ್ದಾರೆ?

ನಾನು ಶಿರಸಿ ಹತ್ತಿರದವನು, ಎರಡೂ ಕಥಾಸಂಕಲನ ನಾನೇ ಅಚ್ಚು ಹಾಕಿಸಿದ್ದು. ಮಳೆಗಾಲದಲ್ಲಿ ಬರೆಯುತ್ತೇನೆ, ಕೊಯ್ಲು ಶುರುವಾದ ಮೇಲೆ ರಾತ್ರಿ ಅಡಿಕೆ ಸುಲಿಯಲು ಕೂತವರ ಎದುರು ಓದುತ್ತೇನೆ. ಒಮ್ಮೆ ‘ಅತ್ತೆ ಹಲಸು ಕೊಯ್ದಳು’ ಅನ್ನುವುದು ‘ಹೊಲಸು ಕೊಯ್ದಳು’ ಆಗಿಬಿಟ್ಟಿತ್ತು. ನಾಲ್ಕು ಸಲ ಓದಿದ್ದರೂ ನನಗೆ ಕಂಡಿರಲಿಲ್ಲ. ಗಟ್ಟಿಯಾಗಿ ಓದಿದೆ ನೋಡಿ, ಆಯಿ ಮೆಟ್ಟುಗತ್ತಿ ಬಿಟ್ಟು ‘ಎಂತ ಕೊಯ್ದಿದ್ದು?’ ಅಂತ ನಗಲು ಶುರುಮಾಡಿದಳು. ಉದ್ದುದ್ದ ವಾಕ್ಯ ಸಿಕ್ಕಿಬೀಳುವುದೂ ಅಲ್ಲೇ, ಉಸಿರು ಸಾಲದೆ ನಡುವೆ ನಿಲ್ಲಬೇಕಾಗಿ ಬಂದರೆ ಆ ವಾಕ್ಯವನ್ನು ಮುರಿಯಬೇಕು ಅಂತ ಲೆಕ್ಕ.

ಆದರೆ ಎಲ್ಲ ತಪ್ಪೂ ಇದಕ್ಕೆ ಸಿಗುವುದಿಲ್ಲ. ನಮ್ಮ ಬಾಯಲ್ಲಿ ಶ, ಷ ಎರಡೂ ಹೆಚ್ಚುಕಮ್ಮಿ ಒಂದೇ ಅಲ್ವಾ? ‘ವಿಶೇಷ’ ಬದಲು ‘ವಿಷೇಶ’ ಅಂತ ಇದ್ದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ಅಂಥದ್ದಕ್ಕೆ ನಾನು ಪ್ರಿಂಟ್ ತೆಗೆದು, ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಕೆಂಪು ಪೆನ್ನು ಕೊಡುತ್ತೇನೆ.