ತ್ರಿಭುಜದಿಂದ ಚೌಕ: ಪಾದವನ್ನು 1:2:1 ಎಂದು ಭಾಗಿಸಬೇಡಿ

20 ಸೆಂ.ಮೀ. ಬಾಹುವಿನ ಸಮಬಾಹು ತ್ರಿಭುಜವನ್ನು ನಾಲ್ಕು ತುಂಡು ಮಾಡಿ ಜೋಡಿಸಿದಾಗ ಚೌಕದ ಒಂದು ಬದಿ ಇನ್ನೊಂದಕ್ಕಿಂತ ಒಂದು ಮಿಲಿಮೀಟರಿಗೂ ತುಸು ಹೆಚ್ಚು ಉದ್ದವಾಗಿ ಬರುತ್ತಿದೆ, ಕರ್ಣಗಳು ಸಮವಾಗಿಯೇ ಇವೆ, ಆದ್ದರಿಂದ ಗರಗಸದ ದಪ್ಪವೇ ಕಾರಣವಿರಬೇಕು ಎಂದು ಬರೆದಿದ್ದೀರಿ. ದಯವಿಟ್ಟು ಗರಗಸ ಬದಲಿಸಬೇಡಿ. ನಿಮ್ಮ ಚಿತ್ರದಲ್ಲಿ ಪಾದವು 5, 10, 5 ಎಂದು ಭಾಗವಾಗಿದೆ. ನಾನೂ ಹೀಗೆಯೇ ಭಾಗಿಸಿ, ದೋಷ ಕೈಯದೆಂದು ತಿಳಿದು, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜುತ್ತಾ ಮೂರು ಹಲಗೆಗಳನ್ನು ಹಾಳುಮಾಡಿದ್ದೇನೆ.

ನಿಜವಾದ ಭಾಗಗಳು ಎಡದಿಂದ 5.09, 10, 4.91. ಚೌಕದ ಬಾಹು 13.16 ಇರಬೇಕು, ನಿಮ್ಮ ಭಾಗದಿಂದ ಸಿಗುವುದು 13.23 ಮತ್ತು 13.09 ಬಾಹುಗಳ ಆಯತ. ಆಯತದ ಕರ್ಣಗಳೂ ಸಮವೇ ಅಲ್ಲವೇ? ಕರ್ಣ ಅಳೆದು ಚೌಕವೆಂದು ತೀರ್ಮಾನಿಸುವ ಅಭ್ಯಾಸವನ್ನು ಮೊದಲು ಬಿಡಬೇಕು.

ಅಳತೆಪಟ್ಟಿಯಲ್ಲಿ 5.09 ಗುರುತಿಸುವುದಕ್ಕಿಂತ ಕೈವಾರವನ್ನೇ ನಂಬಿ. ಎಡ ಮೂಲೆ ಅ, ಶಿಖರ ಬ, ಬಲ ಬಾಹುವಿನ ಮಧ್ಯಬಿಂದು ಮ ಆಗಿರಲಿ. ‘ಅಮ’ ರೇಖೆಯನ್ನು ‘ಮಬ’ದಷ್ಟೇ ಮುಂದಕ್ಕೆ ಬೆಳೆಸಿ, ಒಟ್ಟು ಉದ್ದವನ್ನು ವ್ಯಾಸವಾಗಿಟ್ಟು ಶಿಖರದ ಕಡೆಗೆ ಅರ್ಧವೃತ್ತ ಎಳೆಯಿರಿ, ‘ಮಬ’ವನ್ನು ಶಿಖರದಾಚೆಗೆ ಬೆಳೆಸಿದಾಗ ಅದು ಅರ್ಧವೃತ್ತವನ್ನು ಮುಟ್ಟುವ ಬಿಂದುವಿಗೆ ಮ-ದಿಂದ ಇರುವ ದೂರವೇ ಚೌಕದ ಬಾಹು, ಏಕೆಂದರೆ ಅದರ ವರ್ಗ 17.32 × 10, ಅಂದರೆ ತ್ರಿಭುಜದ ವಿಸ್ತೀರ್ಣವೇ. ಅದೇ ದೂರದಿಂದ, ಮ-ವನ್ನು ಕೇಂದ್ರವಾಗಿಟ್ಟು ಪಾದವನ್ನು ಛೇದಿಸಿ. ಅಲ್ಲಿಂದ ಬಲಕ್ಕೆ ತ್ರಿಭುಜದ ಅರ್ಧ ಬಾಹು, ಅಂದರೆ 10 ಸೆಂ.ಮೀ., ಗುರುತಿಸಿ. ಪಾದದ ಎಡ ಬಿಂದುವನ್ನು ಮ-ಗೆ ಸೇರಿಸುವ ಗೆರೆಗೆ ಎಡ ಬಾಹುವಿನ ಮಧ್ಯದಿಂದಲೂ ಪಾದದ ಬಲ ಬಿಂದುವಿನಿಂದಲೂ ಇಳಿಯುವ ಉಳಿದ ಎರಡು ಲಂಬಗಳನ್ನು ನೀವು ಸರಿಯಾಗಿಯೇ ಎಳೆದಿದ್ದೀರಿ.

ಗರಗಸದ ದಪ್ಪ ಗಣನೆಗೇ ಬಾರದು ಎಂದಲ್ಲ. ಆದರೆ ಅದು ಪ್ರತಿ ಕತ್ತರಿಕೆಯಲ್ಲೂ ಸ್ವಲ್ಪ ತಿನ್ನುತ್ತದೆ, ಒಂದೇ ಬದಿಯನ್ನು ಬೆಳೆಸುವುದಿಲ್ಲ. ಮೊದಲ ಮಾದರಿಗೆ ದಪ್ಪ ರಟ್ಟು ಸಾಕು. ಅದಕ್ಕೆ ಓಲ್ಫಾದ ತುಂಡರಿಸುವ ಅಲಗಿನ ಚಾಕು ನನಗೆ ಎಲ್ಲಕ್ಕಿಂತ ಹಿಡಿಸಿದೆ, ಅಲಗು ಮೊಂಡಾಗುವ ಮುನ್ನವೇ ತುದಿಯನ್ನು ಮುರಿದುಬಿಡಬೇಕು. ನಕ್ಷೆಯ ಕಾಗದವನ್ನು ನೀರು ಬೆರೆತ ಅಂಟಿನಿಂದ ಅಂಟಿಸಬೇಡಿ. ಕಾಗದ ಹಿಗ್ಗಿ, ಕೈವಾರದಿಂದ ಗಳಿಸಿದ ನಿಖರತೆಯೆಲ್ಲ ಹೋಗುತ್ತದೆ.

ತುಂಡುಗಳಿಗೆ ಕೀಲು ಹಾಕಿ, ಬಿಡಿಸದೆಯೇ ತಿರುಗಿಸಿ ಚೌಕ ಮಾಡುವ ಆಸೆಯಿದ್ದರೆ ಮರವೇ ಬೇಕು. ಈ ಒಗಟನ್ನು ಪ್ರಸಿದ್ಧಗೊಳಿಸಿದ ಇಂಗ್ಲಿಷ್ ಒಗಟುಗಾರ ಹೆನ್ರಿ ಡ್ಯೂಡೆನಿ 1905ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದ ಮಾದರಿಯೂ ಹಿತ್ತಾಳೆ ಕೀಲುಗಳ ಮಹಾಗನಿಯದೇ. ಕೀಲುಗಳು ಮೂರೇ: ಎರಡು ಓರೆಬಾಹುಗಳ ಮಧ್ಯದಲ್ಲಿ, ಒಂದು ಪಾದವನ್ನು ಭಾಗಿಸಿದ ಎರಡು ಬಿಂದುಗಳಲ್ಲಿ ಬಲದ್ದರಲ್ಲಿ. ಬಟ್ಟೆಪಟ್ಟಿ ಬಳಸುವುದಾದರೆ ಹೊರ ಅಂಚಿಗೇ ಅಂಟಿಸಿ, ಅತಿ ತೆಳುವಾದುದನ್ನೇ ಆರಿಸಿ; ಚೌಕವಾಗುವಾಗ ಆ ಅಂಚುಗಳು ಒಂದಕ್ಕೊಂದು ಮುಖಾಮುಖಿಯಾಗಿ ಕೂಡುವುದರಿಂದ ಪಟ್ಟಿಯ ದಪ್ಪ ನಡುವೆ ಸಿಕ್ಕಿಕೊಳ್ಳುತ್ತದೆ.