ಗುರುತಿನ ಸಂಖ್ಯೆಗಳ ಪ್ಯಾಚ್: ಮೊದಲು ಜಾಗ ಬದಲಿಸಲು ಹೇಳಿ
ನೀವು ಪರಿಶೀಲಿಸುತ್ತಿರುವ ಲಿನಕ್ಸ್ ಕರ್ನಲ್ ಪ್ಯಾಚ್ (ಕೋಡ್ ಬದಲಾವಣೆ) ಡೀಬಗ್‌ಗೆಂದು, ಅಂದರೆ ದೋಷ ಹುಡುಕಲೆಂದು, ಪಿಎಂಬಸ್ (ವಿದ್ಯುತ್ ಪೂರೈಕೆ ಚಿಪ್‌ಗಳೊಡನೆ ಮಾತಾಡುವ ವಿಧಾನ) ಚಿಪ್‌ನ ತಯಾರಕರ ಐಡಿ, ಸೀರಿಯಲ್ ಸಂಖ್ಯೆಗಳನ್ನು ಸಿಸ್‌ಎಫ್‌ಎಸ್‌ಗೆ (ಕರ್ನಲ್ ತನ್ನ ಮಾಹಿತಿಯನ್ನು ಹೊರಗಿನ ಪ್ರೋಗ್ರಾಂಗಳಿಗೆ ಕಡತಗಳಾಗಿ ತೋರಿಸುವ ಜಾಗ) ಸೇರಿಸುತ್ತದೆ. ಅದು ನಿಮ್ಮನ್ನು ಕಾಡುತ್ತಿರುವುದು ಬಹುಶಃ ಈ ಜಾಗದ ಕಾರಣಕ್ಕೆ. ಸಿಸ್‌ಎಫ್‌ಎಸ್‌ನಲ್ಲಿ ಒಮ್ಮೆ ಕಾಣಿಸಿಕೊಂಡ ಕಡತವನ್ನು ಹೊರಗಿನ ಪ್ರೋಗ್ರಾಂಗಳು ನೆಚ್ಚಿಕೊಳ್ಳುತ್ತವೆ. ಆಮೇಲೆ ಅದನ್ನು ತೆಗೆಯುವುದು ಬಲು ಕಷ್ಟ. ಡೀಬಗ್‌ಗೆಂದೇ ಇರುವ ಇನ್ನೊಂದು ಜಾಗವಾದ ಡೀಬಗ್‌ಎಫ್‌ಎಸ್‌ಗೆ ಆ ಹೊರೆಯಿಲ್ಲ, ಅಲ್ಲಿಗೆ ಬದಲಿಸಲು ಪ್ಯಾಚ್ ಬರೆದವರಿಗೆ ಹೇಳಿ.

ಅದಕ್ಕೂ ಮೊದಲು ಪಿಎಂಬಸ್ ಕೋರ್ ಕೋಡ್ (ಎಲ್ಲ ಪಿಎಂಬಸ್ ಡ್ರೈವರ್‌ಗಳೂ ಬಳಸುವ ಸಾಮಾನ್ಯ ಕೋಡ್) ತೆರೆದು ನೋಡಿ. ಹೊಸ ಕರ್ನಲ್‌ಗಳಲ್ಲಿ ಈ ಕಡತಗಳನ್ನು ಕೋರ್ ಕೋಡೇ ಡೀಬಗ್‌ಎಫ್‌ಎಸ್‌ನಲ್ಲಿ ಸೃಷ್ಟಿಸುತ್ತದೆ. ಹಾಗಿದ್ದರೆ ಪ್ಯಾಚ್ ಬೇಕಾಗಿಯೇ ಇಲ್ಲ, ಹಿಂಜರಿಯದೆ ಹೇಳಿ.

ಪ್ಯಾಚ್ ಓದುವುದು ಆ ಚಿಪ್‌ಗೇ ವಿಶಿಷ್ಟವಾದ ರಿಜಿಸ್ಟರ್ (ಚಿಪ್‌ನೊಳಗಿನ ಮಾಹಿತಿ ಸ್ಥಾನ) ಆಗಿದ್ದರೆ, ಓದಿದ್ದನ್ನು ಇಡುವ ಬಫರ್‌ನ ಅಳತೆ ನೋಡಿ: ಲಿನಕ್ಸ್‌ನಲ್ಲಿ ಎಸ್‌ಎಂಬಸ್ (ಪಿಎಂಬಸ್‌ಗೆ ಆಧಾರವಾದ ಸಂಪರ್ಕ ವಿಧಾನ) ಬ್ಲಾಕ್ ಓದು 32 ಬೈಟ್‌ವರೆಗೆ ಕೊಡುತ್ತದೆ, ಕೊನೆಯಲ್ಲಿ ಪಠ್ಯ ಮುಗಿಯಿತೆಂದು ತೋರಿಸುವ ಶೂನ್ಯ ಬೈಟ್ ಇರುವುದಿಲ್ಲ. ಆ ಶೂನ್ಯ ಬೈಟ್, ಹೊಸ ಸಾಲಿನ ಚಿಹ್ನೆ ಎರಡೂ ಸೇರಿ 34 ಬೈಟ್ ಬೇಕು. ಇಲ್ಲಿ ಎಡವುವವರೇ ಹೆಚ್ಚು. ಬಳಿಕ, ಡೀಬಗ್‌ಎಫ್‌ಎಸ್ ಡೈರೆಕ್ಟರಿ ಸೃಷ್ಟಿಸಿದ ಮೇಲೆ ದೋಷ ಪರೀಕ್ಷಿಸುವ ಸಾಲುಗಳಿದ್ದರೆ ತೆಗೆಸಿ. ಅದು ವಿಫಲವಾದರೂ ಡ್ರೈವರ್ ನಡೆಯಬೇಕು.