ಉಪ್ಪು ಗಾಳಿಗೆ ತಡೆಯುವ ಸೋಲಾರ್ ಇಲ್ಲೇ ಆಗಬೇಕು

ಪ್ರಶ್ನೆ: ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಬೈಕಂಪಾಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಊರಲ್ಲಿ ತುಂಬಾ ಮನೆಗಳಿಗೆ ಸೋಲಾರ್ ಬಂದಿದೆ, ಆದರೆ ಎಲ್ಲವೂ ಹೊರಗಿನ ಸಾಮಾನು. ನಾವು ಮೂವರು ಗೆಳೆಯರು ಸೇರಿ ಇಲ್ಲೇ ಪ್ಯಾನೆಲ್ ತಯಾರಿಸಬಹುದಾ? ಸಂಶೋಧನೆ ಅಂದ್ರೆ ಬರೀ ದೊಡ್ಡ ಊರಿನವರ ಕೆಲಸವಾ?
— ಓದುಗ, ಕಾಪು

ಉತ್ತರ: ನಿಮ್ಮ ಆಸೆ ಸರಿಯಾದದ್ದೇ. ಆದರೆ ಪ್ಯಾನೆಲ್‌ನಿಂದ ಶುರು ಮಾಡಬೇಡಿ.

ಪ್ಯಾನೆಲ್ ಜೋಡಿಸುವುದು ಕೊನೆಯ ಹಂತ. ಅದಕ್ಕೂ ಮೊದಲು ಸಿಲಿಕಾನ್ ಶುದ್ಧ ಮಾಡಬೇಕು, ಕರಗಿಸಿ ಗಟ್ಟಿ ಮಾಡಬೇಕು, ಒಂದು ಮಿಲಿಮೀಟರ್‌ನ ಐದನೇ ಒಂದು ಭಾಗಕ್ಕಿಂತ ತೆಳ್ಳಗೆ ವೇಫರ್ ಅನ್ನುವ ಬಿಲ್ಲೆ ಕೊಯ್ಯಬೇಕು, ಅದನ್ನು ಬಿಸಿಲಿನಿಂದ ಕರೆಂಟ್ ಮಾಡುವ ಸೆಲ್ ಮಾಡಬೇಕು. ಈ ಎಲ್ಲ ಹಂತಗಳಲ್ಲೂ ಜಗತ್ತಿನ ಶೇ. 80ಕ್ಕಿಂತ ಜಾಸ್ತಿ ಪಾಲು ಚೀನಾದ್ದು. ದಿಲ್ಲಿ ಹತ್ತಿರದ ಸಾಹಿಬಾಬಾದ್‌ನ ಸರಕಾರಿ ಕಂಪನಿ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1977ರಲ್ಲೇ ನಮ್ಮ ದೇಶದ ಮೊದಲ ಸೋಲಾರ್ ಸೆಲ್ ಮಾಡಿತ್ತು. ಅಷ್ಟು ಬೇಗ ಶುರು ಮಾಡಿಯೂ ಆಮೇಲೆ ಎಷ್ಟೋ ವರ್ಷ ಸೆಲ್ಲನ್ನು ಹೊರಗಿನಿಂದ ತರಿಸುತ್ತಾ ಕೂತೆವಲ್ಲ, ಅದು ನನಗೆ ಇವತ್ತಿಗೂ ಬೇಸರ. ಅದನ್ನು ಸರಿಪಡಿಸಲು ಸರಕಾರ, ದೊಡ್ಡ ಬಂಡವಾಳ ಬೇಕು. ಮೂವರು ಗೆಳೆಯರಿಂದ ಆಗದು.

ನಿಮ್ಮಿಂದ ಆಗುವ ಕೆಲಸ ಬೇರೆ ಇದೆ, ಅದನ್ನು ಬೇರೆ ಯಾರೂ ನಮಗಾಗಿ ಮಾಡಿಕೊಡುವುದಿಲ್ಲ. ನಮ್ಮ ತಾರಸಿಯ ಸ್ಟ್ಯಾಂಡ್ ಮೂರನೇ ಮಳೆಗಾಲ ಕಾಣುವ ಮೊದಲೇ ತುಕ್ಕು ಹಿಡಿಯಿತು, ಪ್ಯಾನೆಲ್ ಅಂಚಿನಲ್ಲಿ ಪಾಚಿ ಕಟ್ಟಿತು, ಹಾಕಿಕೊಟ್ಟವರನ್ನು ಕೇಳಿದರೆ ಸಮುದ್ರದ ಹತ್ತಿರ ಹೀಗೇ ಅಂದರು. ಹೀಗೇ ಅಂದರೆ ಹೇಗೆ? ಉಪ್ಪು ಗಾಳಿ ಯಾವ ಬೋಲ್ಟನ್ನು ಮೊದಲು ತಿನ್ನುತ್ತದೆ, ಪ್ಯಾನೆಲ್ ಹಿಂದೆ ವಯರ್ ಸೇರುವ ಜಂಕ್ಷನ್ ಬಾಕ್ಸಿಗೆ ನೀರು ಎಲ್ಲಿಂದ ಇಳಿಯುತ್ತದೆ, ಸಿಡಿಲಿಗೆ ಇನ್ವರ್ಟರ್ ಬೋರ್ಡಿನ ಯಾವ ಭಾಗ ಸುಡುತ್ತದೆ ಅಂತ ಕೂತು ಲೆಕ್ಕ ಇಟ್ಟರೆ ಅದೇ ಸಂಶೋಧನೆ.

ಒಂದೇ ಬಗೆಯ ಎರಡು ಪ್ಯಾನೆಲ್ ತಗೊಳ್ಳಿ. ಒಂದನ್ನು ಕಾಪುವಿನ ಕಡಲ ಬದಿಯಲ್ಲಿ, ಇನ್ನೊಂದನ್ನು ಕಡಲಿಂದ ದೂರದ ಕಾರ್ಕಳದಲ್ಲಿ ಇಡಿ. ದಿನಾ ವೋಲ್ಟೇಜ್, ಕರೆಂಟ್ ಬರೆದಿಡಿ, ಎರಡು ವರ್ಷ ಬಿಡದೆ. ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಗೆ ಆ ಪುಸ್ತಕ ಹಿಡಿದುಕೊಂಡು ಹೋಗಿ, ಬರಿಗೈಲಿ ಹೋದಾಗ ಸಿಗದ ಉತ್ತರ ಆಗ ಸಿಗಬಹುದು. ಜೊತೆಗೇ ಬೋರ್ಡ್ ರಿಪೇರಿ ಕಲಿಯಿರಿ, ಇಲ್ಲಿಯ ಗಾಳಿಗೆ ತಡೆಯುವ ಸ್ಟ್ಯಾಂಡ್ ಮಾಡಿ, ಮೀನು ಒಣಗಿಸುವ ಸೋಲಾರ್ ಡ್ರೈಯರ್ ಮಾಡಿ. 1995ರಲ್ಲಿ ಹರೀಶ್ ಹಂದೆಯವರು ಸೋಲಾರ್ ದೀಪದ ಕಂಪನಿ ಸೆಲ್ಕೋ ಶುರು ಮಾಡಿದಾಗಲೂ ದೀಪ ಮಾರಿ ಸುಮ್ನೆ ಹೋಗಲಿಲ್ಲ, ಬ್ಯಾಂಕ್ ಸಾಲ ಮತ್ತು ಹತ್ತಿರದಲ್ಲೇ ರಿಪೇರಿ ಎರಡನ್ನೂ ಜೊತೆಗೆ ಕಟ್ಟಿದರು.

ನಮ್ಮ ಹಂಚಿನ ಕತೆಯೂ ಹೀಗೇ ಅಲ್ವಾ? 1865ರಲ್ಲಿ ಯುರೋಪಿನ ಬಾಸೆಲ್ ಮಿಶನ್‌ನ ಪಾದ್ರಿಗಳು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ವಿದ್ಯೆ ಹೊರಗಿನದು, ಮಣ್ಣು ಇಲ್ಲಿಯದು. ಕೆಲಸ ಕಲಿತ ಮೇಲೆ ಊರಿನವರೂ ಕಾರ್ಖಾನೆ ಹಾಕಿದರು.

ಸ್ಟ್ಯಾಂಡನ್ನು ಜೂನ್‌ಗೆ ಮೊದಲೇ ಏರಿಸಿಬಿಡಿ, ಮೊದಲ ಮಳೆಯ ಲೆಕ್ಕ ತಪ್ಪಬಾರದು. ಕಾರ್ಕಳದಲ್ಲಿ ಜಾಗ ಬೇಕಾದರೆ ನಮಗೆ ಬರೆಯಿರಿ, ತಾರಸಿ ಕೊಡುವ ಓದುಗರನ್ನು ನಾನೇ ಹುಡುಕುತ್ತೇನೆ.